ಕ್ಲಚ್ಚಿನ ತಪ್ಪಲ್ಲ

ಐವತ್ತು ದಾಟಿದ ಮೇಲೆ ಗುರುಬಸಮ್ಮ ಕಾರು ಕಲಿಯಲು ಹೊರಟಾಗ ನಂಜನಗೂಡಿನ ಅವಳ ಬೀದಿಗೆಲ್ಲ ಅದೊಂದು ನೋಡುವ ವಿಷಯವಾಯಿತು. ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಕಾರು ಬಂದು ಹಾರ್ನ್ ಹೊಡೆದರೆ ಎದುರು ಮನೆಯವರು ಹಲ್ಲುಜ್ಜುವ ನೆಪದಲ್ಲಿ ಹೊರಗೆ ಬಂದು ನಿಲ್ಲುತ್ತಿದ್ದರು. ಗಂಡ ಸೋಮಶೇಖರ್‌ಗೆ ಬೀಜ, ಗೊಬ್ಬರದ ಅಂಗಡಿ. "ಲೈಸೆನ್ಸ್ ಬಂದ್ರೆ ಕಟ್ಟು ಹಾಕ್ಸಿ ಗೋಡೆಗೆ ನೇತಾಕ್ತಾಳೆ, ಇನ್ನೇನು ಮಾಡ್ತಾಳೆ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಲೈಸೆನ್ಸ್ ಬಂತು. ಆಮೇಲೂ ಕಾರಿನ ಬೀಗದ ಕೈ ಮಾತ್ರ ಅವನ ಜೇಬಿನಲ್ಲೇ ಉಳಿಯಿತು.

ಅಕ್ಕನ ಮಗಳು ಚೈತ್ರಳ ಕೂಸಿಗೆ ಟಿ. ನರಸೀಪುರದಲ್ಲಿ ನಾಮಕರಣ ಗೊತ್ತಾದಾಗ ಗುರುಬಸಮ್ಮ ಹಟ ಹಿಡಿದಳು. "ನಾನು ಓಡಿಸೋದಾದ್ರೆ ಕಾರಲ್ಲಿ ಹೋಗಣ. ಇಲ್ದಿದ್ರೆ ನೀವು ಕಾರಲ್ಲಿ ಬನ್ನಿ, ನಾನು ಬಸ್ಸಲ್ಲಿ ಬತ್ತೀನಿ."

ಹೆಂಡತಿ ಬಸ್ಸಿನಿಂದ ಇಳಿಯುವುದನ್ನು ಅವಳ ಅಕ್ಕನ ಮನೆಯವರು ನೋಡಿದರೆ ಏನಂದಾರು ಎಂದು ಲೆಕ್ಕ ಹಾಕಿ ಸೋಮಶೇಖರ್ ಕೀ ಕೊಟ್ಟ.

ರಾತ್ರಿಯಿಡೀ ಮಳೆ ಸುರಿದು ಬೆಳಗು ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಡಿಕ್ಕಿಯಲ್ಲಿ ಎರಡು ದೊಡ್ಡ ಡಬ್ಬಿ ಕಜ್ಜಾಯ. ಊರ ಹೊರಗಿನ ಬಂಕಿನಲ್ಲಿ ಪೆಟ್ರೋಲು ತುಂಬಿಸಿಕೊಂಡು ಹದಿನಾರು ಎಂಬ ಊರಿನ ಕಡೆಯ ರಸ್ತೆಗೆ ತಿರುಗಿದರು. ಗುರುಬಸಮ್ಮ ಸೆರಗು ಬಿಗಿಯಾಗಿ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಸೋಮಶೇಖರ್ ಪಕ್ಕದಲ್ಲಿ ಇಲ್ಲದ ಬ್ರೇಕು ತುಳಿಯುತ್ತಿದ್ದ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಅವನು ಉಸಿರು ಹಿಡಿದ. ಅವಳು ಇಂಡಿಕೇಟರ್ ಹಾಕಿ, ಒಂಚೂರು ಎಡಕ್ಕೆ ಸರಿದು, ಹಗುರವಾಗಿ ದಾಟಿದಳು. ಖುಷಿಗೆ ಅವಳ ಕಿವಿಯೋಲೆಗಳು ಕೂಡ ಕುಣಿದವು.

ಹದಿನಾರಿನ ಕೆರೆ ಹಿಂದೆ ಬಿತ್ತು. ಅಲ್ಲಿಂದ ಸ್ವಲ್ಪ ಮುಂದೆ ಕಾರು ಒಮ್ಮೆ ಕೆಮ್ಮಿತು, ಮುಗ್ಗರಿಸಿತು, ಇನ್ನೊಮ್ಮೆ ಕೆಮ್ಮಿ ರಸ್ತೆಯ ಅಂಚಿನಲ್ಲಿ ನಿಂತೇಬಿಟ್ಟಿತು.

"ಕ್ಲಚ್ ಬುಟ್ಬುಟ್ಟೆ ಕಣೇ!" ಎಂದ ಸೋಮಶೇಖರ್.

"ಇಲ್ಲ ಕಣ್ರೀ, ಕಾಲು ಕ್ಲಚ್ ಮೇಲೆ ಇರ್ಲೇ ಇಲ್ಲ."

"ಅದಕ್ಕೇ ನಿಂತೋಗದೆ."

ಅವಳು ಮತ್ತೆ ಕೀ ತಿರುಗಿಸಿದಳು. ಕಾರು ಗೊರಗೊರ ಎಂದು ಸುಮ್ಮನಾಯಿತು. "ಇಳಿ, ಇಳಿ, ಮೂವತ್ತು ವರ್ಷದ ಕೈ ಇದು" ಎಂದು ಅವನು ಸೀಟು ಬದಲಾಯಿಸಿದ. ಹೇಗೋ ಇಂಜಿನ್ ಹೊತ್ತಿಕೊಂಡಿತು. ಮುಂದಿನ ಮೋರಿಯ ತನಕ ಕುಪ್ಪಳಿಸಿಕೊಂಡು ಹೋಗಿ ಅಲ್ಲಿ ಜೀವ ಬಿಟ್ಟಿತು.

"ನೀನು ಮೊದ್ಲೇ ಕೆಡ್ಸಿಟ್ಟಿದ್ದೀಯ. ನಾನೇನ್ ಮಾಡ್ಲಿ?"

ಗುರುಬಸಮ್ಮ ಹೊಂಗೆ ಮರದ ಕೆಳಗೆ ಹೋಗಿ ನಿಂತಳು. ಕಾಲನ್ನು ಎಲ್ಲಿಟ್ಟಿದ್ದೆ, ಗೇರನ್ನು ಹೇಗೆ ಹಾಕಿದೆ ಎಂದು ಒಂದೊಂದಾಗಿ ನೆನೆಸಿಕೊಂಡಳು. ತಪ್ಪು ಸಿಗಲಿಲ್ಲ. ಆದರೂ ಕಣ್ಣು ತುಂಬಿ ಬಂತು. ಇನ್ನು ಈ ಜನ್ಮದಲ್ಲಿ ಕೀ ಕೈಗೆ ಸಿಗುವುದಿಲ್ಲ ಎನ್ನಿಸಿತು.

ಅಷ್ಟರಲ್ಲಿ ಒಬ್ಬ ರೈತ ಬೈಕು ತಳ್ಳಿಕೊಂಡು ಬೆವರುತ್ತ ಬಂದ. ಮಾದೇಶ್ ಎಂದು ಹೆಸರು, ನರಸೀಪುರದ ಕಡೆಯವನೇ. "ಚೆನ್ನಾಗೇ ಇತ್ತು ಕಣ್ರಕ್ಕಾ, ಎಮ್ಮೆ ಮಲಗ್ದಂಗೆ ಮಲಗ್ಬುಡ್ತು" ಎಂದು ಬೈಕಿಗೆ ಸ್ಟ್ಯಾಂಡ್ ಹಾಕಿ ನೆರಳಿಗೆ ಬಂದು ಕೂತ.

ಅವನು ಬೆವರು ಒರೆಸಿಕೊಳ್ಳುತ್ತಿದ್ದ ಹಾಗೆಯೇ ನಂಜನಗೂಡಿನ ಕಡೆಯಿಂದ ಇನ್ನೊಂದು ಕಾರು ಜಿಗಿಜಿಗಿದು ಬಂತು. ನೆತ್ತಿಯ ಮೇಲೆ ಕೆಂಪು 'ಎಲ್' ಬೋರ್ಡು. ಒಳಗಿನಿಂದ ಕೂಗು: "ಕ್ಲಚ್! ಕ್ಲಚ್ ತುಳೀರಿ ಸಾ! ಏನ್ ಸಾ ನೀವು, ಎಷ್ಟ್ ಸಲ ಹೇಳದು!" ಅದು ಗುರುಬಸಮ್ಮನಿಗೆ ಚೆನ್ನಾಗಿ ಗೊತ್ತಿದ್ದ ದನಿ. ಅವಳಿಗೆ ಕಾರು ಕಲಿಸಿದ ಚಿಕ್ಕಸ್ವಾಮಿಯದು. ಕಾರು ಸೋಮಶೇಖರನ ಕಾರಿನ ಬೆನ್ನಿಗೇ ಬಂದು ನಿಂತಿತು. ಕಲಿಯುತ್ತಿದ್ದ ಬ್ಯಾಂಕಿನ ಗುಮಾಸ್ತ ಬೆಪ್ಪಾಗಿ ಇಳಿದ. ಚಿಕ್ಕಸ್ವಾಮಿ ತಾನೇ ಸ್ಟೀರಿಂಗ್ ಹಿಡಿದು ನೋಡಿದ. ಅವನ ಕೈಗೂ ಕಾರು ಬಗ್ಗಲಿಲ್ಲ.

ಗುರುಬಸಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮರದ ಕೆಳಗಿನಿಂದ ಈಚೆ ಬಂದಳು. "ಮೇಷ್ಟ್ರೇ, ಪೆಟ್ರೋಲು ಎಲ್ಲಿ ಹಾಕ್ಸಿದ್ರಿ?"

"ಊರಾಚೆ ಬಂಕಲ್ಲಿ ಕಣ್ಮೇಡಂ, ಈಗ ತಾನೆ."

ಮಾದೇಶ್ ನೆಟ್ಟಗೆ ಕೂತ. "ನಾನೂ ಅಲ್ಲೇ ಆಕ್ಸಿದ್ದು!"

ಗುರುಬಸಮ್ಮ ಕಾರಿನಿಂದ ಖಾಲಿ ನೀರಿನ ಬಾಟಲಿ ತಂದು ಕೊಟ್ಟಳು. ಮಾದೇಶ್ ಬೈಕಿನ ಪೆಟ್ರೋಲು ಪೈಪು ಕಿತ್ತು ಬಾಟಲಿಗೆ ಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಬಾಟಲಿಯೊಳಗೆ ಗೆರೆ ಎಳೆದ ಹಾಗೆ ಎರಡು ಪದರ ಎದ್ದವು. ಮೇಲೆ ಪೆಟ್ರೋಲು, ಕೆಳಗೆ ಕಲಗಚ್ಚಿನಂಥ ನೀರು.

"ನೀರು!" ಎಂದಳು ಗುರುಬಸಮ್ಮ. "ನೀರು ಕಣ್ರೀ! ಕ್ಲಚ್ಚಲ್ಲ, ನೀರು!" ಕಾರು ಕೆಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಆ ರಸ್ತೆ ಅದುವರೆಗೆ ಕಂಡಿರಲಾರದು. ಅವಳ ನಗು ಮಾದೇಶನಿಗೆ ಹತ್ತಿತು, ಗುಮಾಸ್ತನಿಗೆ ಹತ್ತಿತು. ಚಿಕ್ಕಸ್ವಾಮಿ ಗುಮಾಸ್ತನ ಕೈ ಹಿಡಿದು, "ತಪ್ಪಾಯ್ತು ಸಾ, ಸುಮ್ನೆ ಬೈದ್ಬುಟ್ಟೆ" ಎಂದ. ಸೋಮಶೇಖರ್ ಮಾತ್ರ ಟೈರು ನೋಡುವುದರಲ್ಲಿ ಮಗ್ನನಾಗಿದ್ದ.

ಬಿಲ್ಲಿನಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. "ಹೋಗ್ಲಿ ಬುಡು, ಮೆಕ್ಯಾನಿಕ್ ಕರ್ಸಣ. ನಾಮಕರಣದ ಹೊತ್ತಾಯ್ತದೆ" ಎಂದ ಸೋಮಶೇಖರ್.

"ಅಲ್ಲಿ ಇನ್ನೂ ಜನಕ್ಕೆ ಹಾಕ್ತಾನೇ ಇರ್ತಾರಲ್ರೀ!" ಎಂದು ಅವಳು ರಸ್ತೆಗೆ ಅಡ್ಡ ನಿಂತು, ನಂಜನಗೂಡಿಗೆ ಬಾಳೆಗೊನೆ ಹೊತ್ತು ಹೊರಟಿದ್ದ ಡೀಸೆಲ್ ಗೂಡ್ಸ್ ಆಟೋಗೆ ಕೈ ಅಡ್ಡ ಹಿಡಿದಳು. ರೇಷ್ಮೆ ಸೀರೆಯಲ್ಲೇ ಡ್ರೈವರನ ಪಕ್ಕ ಹತ್ತಿ ಕೂತಳು. ಬಾಟಲಿ ಮಡಿಲಲ್ಲಿತ್ತು.

ಬಂಕಿನಲ್ಲಿ ಬೈಕುಗಳ ಸಾಲೇ ನಿಂತಿತ್ತು. ಕೌಂಟರಿನಲ್ಲಿದ್ದವಳು ಗಾನವಿ, ಇತ್ತೀಚೆಗೆ ಮ್ಯಾನೇಜರಾಗಿ ಸೇರಿದ ಹುಡುಗಿ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದ ಗುರುಬಸಮ್ಮ ಬಾಟಲಿಯನ್ನು ಮೇಜಿನ ಮೇಲೆ ಇಟ್ಟಳು. ಗಾನವಿ ಅದನ್ನು ಬೆಳಕಿಗೆ ಎತ್ತಿ ನೋಡಿದಳು. ಮುಖ ಬಿಳಿಚಿಕೊಂಡಿತು.

"ಎಲ್ಲಾ ನಾಜಲ್ ನಿಲ್ಸ್ರೋ!" ಎಂದು ಕೂಗುತ್ತಲೇ ಹೊರಗೆ ಓಡಿದಳು. ಅಳತೆ ಕೋಲಿನ ತುದಿಗೆ ನೀರು ಪತ್ತೆ ಹಚ್ಚುವ ಪೇಸ್ಟು ಸವರಿ ನೆಲದಡಿಯ ಟ್ಯಾಂಕಿಗೆ ಇಳಿಸಿ ಎತ್ತಿದಳು. ಪೇಸ್ಟಿನ ಬಣ್ಣ ಬದಲಾಗಿತ್ತು. ರಾತ್ರಿಯ ಮಳೆ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಒಳಗೆ ಇಳಿದಿತ್ತು. "ಬೆಳಿಗ್ಗೆ ಕೋಲು ಹಾಕ್ಬೇಕಿತ್ತು ಆಂಟಿ. ಜನ ಜಾಸ್ತಿ ಇದ್ರು ಅಂತ ಬಿಟ್ಟೆ" ಎಂದಳು.

ಗುರುಬಸಮ್ಮನ ಸಿಟ್ಟು ಇಳಿದುಹೋಯಿತು. "ಆಗಿದ್ದು ಆಯ್ತು. ಈಗ ಮುಂದಿಂದು ನೋಡು ಮಗಾ."

ಗಾನವಿ ಮುಂದಿನದನ್ನು ಚೆನ್ನಾಗಿಯೇ ನೋಡಿದಳು. ಮಾಲೀಕರಿಗೆ ಫೋನು ಮಾಡಿ ಒಪ್ಪಿಸಿ, ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆಸಿ, ಬೇರೆ ಬಂಕಿನಿಂದ ಕ್ಯಾನುಗಳಲ್ಲಿ ಒಳ್ಳೆಯ ಪೆಟ್ರೋಲು ತರಿಸಿ, ಜೀಪಿನಲ್ಲಿ ತಾನೇ ಹೊರಟಳು. ದಾರಿಯಲ್ಲಿ ನಿಂತಿದ್ದ ಬೈಕು, ಸ್ಕೂಟರುಗಳನ್ನೆಲ್ಲ ಒಂದೊಂದಾಗಿ ಎಬ್ಬಿಸುತ್ತ ಬಂದರು. ಗುರುಬಸಮ್ಮ ಜೀಪಿನಿಂದ ತಲೆ ಹೊರಗೆ ಹಾಕಿ ಎಲ್ಲರಿಗೂ, "ನಿಮ್ಮ ತಪ್ಪಲ್ಲ ಕಣ್ರಪ್ಪಾ, ಪೆಟ್ರೋಲಿಂದು!" ಎಂದು ಸಾರುತ್ತಿದ್ದಳು.

ಹೊಂಗೆ ಮರದ ಹತ್ತಿರ ಬಂದರೆ ಅಲ್ಲಿ ಸಣ್ಣ ಸಂತೆಯೇ ಕೂಡಿತ್ತು. ಸೋಮಶೇಖರ್ ಡಿಕ್ಕಿ ತೆಗೆದು ಎಲ್ಲರಿಗೂ ಕಜ್ಜಾಯ ಹಂಚುತ್ತಿದ್ದ. "ನನ್ನ ಹೆಂಡ್ತಿ ಮಾಡಿದ್ದು, ತಗೊಳ್ರಿ. ಅವಳೇ ಬಂಕ್‌ಗೆ ಹೋಗವ್ಳೆ. ಅವಳೇ ಕಂಡ್ಹಿಡ್ದಿದ್ದು" ಎನ್ನುವುದು ಅವಳ ಕಿವಿಗೆ ಬಿತ್ತು. ಅವಳು ಕೇಳದವಳಂತೆ ಇಳಿದಳು. ಮಾದೇಶ್ ಗಾನವಿಯನ್ನು ಕಂಡು ಬೈಯಲು ಎದ್ದವನು, ಬಾಯಿ ತುಂಬ ಕಜ್ಜಾಯವಿದ್ದುದರಿಂದ ಹಾಗೆಯೇ ಕೂತುಬಿಟ್ಟ. ಗಾನವಿಗೂ ಒಂದು ಕಜ್ಜಾಯ ಸಿಕ್ಕಿತು.

ಟ್ಯಾಂಕು ಬರಿದು ಮಾಡಿ, ತೊಳೆದು, ಹೊಸ ಪೆಟ್ರೋಲು ಹಾಕಿದ ಮೇಲೆ ಕಾರು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಸೋಮಶೇಖರ್ ತಾನಾಗಿಯೇ ಎಡಗಡೆಯ ಬಾಗಿಲು ತೆಗೆದು ಕೂತ. ಸ್ವಲ್ಪ ದೂರ ಹೋದ ಮೇಲೆ, "ನಾನು ಅಂಗೆ ಅನ್ಬಾರ್ದಿತ್ತು" ಎಂದ.

"ಹೆಂಗೆ?" ಎಂದಳು ಅವಳು, ಇನ್ನೊಮ್ಮೆ ಕೇಳುವ ಆಸೆಯಿಂದ. ಅವನು ಇನ್ನೊಮ್ಮೆಯೂ ಹೇಳಿದ.

ಅವರು ನರಸೀಪುರ ಮುಟ್ಟುವ ಹೊತ್ತಿಗೆ ಕೂಸಿಗೆ ಹೆಸರಿಟ್ಟು ಆಗಿತ್ತು, ಮೊದಲ ಪಂಕ್ತಿ ಎದ್ದಿತ್ತು, ಕಜ್ಜಾಯದ ಒಂದು ಡಬ್ಬಿ ಖಾಲಿಯಾಗಿತ್ತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಊಟದ ಎಲೆಯ ಮುಂದೆ ಗುರುಬಸಮ್ಮ ಕಥೆ ಹೇಳಿದಳು. ಬಡಿಸುವವರು ಸಾರಿನ ಬಕೆಟ್ಟು ಹಿಡಿದು ಹಾಗೆಯೇ ನಿಂತು ಕೇಳಿದರು.

ಊಟವಾದ ಮೇಲೆ ಅಕ್ಕ ಕೇಳಿದಳು: "ಹಂಗಾದ್ರೆ ಮುಡುಕುತೊರೆ ಬೆಟ್ಟಕ್ಕೆ ಕರ್ಕೊಂಡೋಗಿ ಬತ್ತೀಯೇನೇ? ಹತ್ರದಲ್ಲೇ ಇದ್ರೂ ನಾನು ಹೋಗಿ ಎಷ್ಟು ವರ್ಷಾಯ್ತೋ."

"ಕಾರು ಹತ್ತು" ಎಂದಳು ಗುರುಬಸಮ್ಮ.

ಅಕ್ಕ ಹತ್ತಿದಳು, ಅವಳ ಇಬ್ಬರು ನಾದಿನಿಯರು ಹತ್ತಿದರು, ಚೈತ್ರಳ ಅತ್ತೆ ಮುಂದೆ ಕೂತರು. ಸೋಮಶೇಖರ್ ಎಲೆ ಅಡಿಕೆ ಮೆಲ್ಲುತ್ತ ಬಂದು ನೋಡಿದರೆ ಕಾರಿನಲ್ಲಿ ಜಾಗವೇ ಇರಲಿಲ್ಲ. "ನಾನು?" ಎಂದ.

"ನೀವು ಕೂಸು ಆಡಿಸ್ತಿರಿ" ಎಂದು ಗುರುಬಸಮ್ಮ ಗೇರು ಹಾಕಿದಳು. ಹೆಂಗಸರ ನಗುವಿನ ನಡುವೆ ಕಾರು ಕಾವೇರಿ ದಡದ ಬೆಟ್ಟದ ಕಡೆಗೆ ಹೊರಟಿತು.