ಅತ್ತೆಯ ಹೆಸರು, ಎರಡು ತುಂಡು

ಪೊಲೀಸಿನವರೊಬ್ಬರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಹೆಸರು ಹಿಡಿದು ವಿಚಾರಿಸುತ್ತ ಬಂದರು. ಯಾರಿಗೂ ಗುರುತು ಹತ್ತಲಿಲ್ಲ. ಕೊನೆಗೆ ಮನೆ ನಂಬರು ಓದಿದಾಗ ಎದುರುಮನೆಯಾಕೆ ನಕ್ಕಳು. "ಅಯ್ಯೋ, ಟೈಲರಮ್ಮನ ಅತ್ತೆ! ಗುಂಡಿ ಅಜ್ಜಿ ಅಂದಿದ್ರೆ ಆಗಲೇ ತೋರಿಸ್ತಿದ್ವಲ್ಲ." ಸೊಸೆ ಹೊಲಿದ ಅಂಗಿಗಳಿಗೆ ಗುಂಡಿ ಹಾಕಿ ಹಾಕಿ ಅಜ್ಜಿಗೆ ಆ ಹೆಸರೇ ಅಂಟಿಕೊಂಡಿತ್ತು.

"ಈ ಫೋನ್ ನಂಬರ್ ನಿಮ್ದಾ ಅಜ್ಜಿ?" ಎಂದು ಪೊಲೀಸಿನವರು ಆ ಮನೆಗೆ ಬಂದು ಕೇಳಿದರು.

"ನನ್ನ ಹತ್ರ ಫೋನೇ ಇಲ್ಲ ಕಣಪ್ಪ. ಮನೇಲಿರೋದು ಸೊಸೆಯದ್ದೊಂದು. ಅದರಲ್ಲಿ ಅವಳು ಮಾತಾಡ್ತಾಳೆ, ನಾನು ಕೇಳಿಸ್ಕೋತೀನಿ."

"ನಿಮ್ಮ ಗುರುತಿನ ಚೀಟಿ ತೋರಿಸಿ ಯಾರೋ ಸಿಮ್ ತಗೊಂಡಿದ್ದಾರೆ. ಕೆಲಸ ಕೊಡಿಸ್ತೀವಿ ಅಂತ ಜನಕ್ಕೆ ಟೋಪಿ ಹಾಕಿದ್ದಾರೆ."

"ನನ್ನ ಹೆಸರು ನನಗೇ ಅಪರೂಪ. ಕಳ್ಳನಿಗೆ ಅದೆಲ್ಲಿ ಸಿಕ್ತಪ್ಪ?"

ಪೊಲೀಸಿನವರಿಗೂ ನಗು ಬಂತು. ಆದರೂ ಹೇಳಬೇಕಾದ್ದನ್ನು ಹೇಳಿದರು. "ನೀವು ಮಾಡಿಲ್ಲ ಅಂತ ನನಗನ್ಸುತ್ತೆ. ನನಗನ್ಸಿದ್ರೆ ಸಾಲದು ಅಜ್ಜಿ. ನಾಳೆ ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡಿ."

ಅವರು ಹೋದರು. ಬೀದಿಯ ಕಣ್ಣುಗಳು ಮಾತ್ರ ಬಾಗಿಲಲ್ಲೇ ಉಳಿದವು. ಅಂಗಿ ಒಯ್ಯಲು ಬಂದ ಗಿರಾಕಿಯೊಬ್ಬಳು, "ಏನಜ್ಜಿ, ಎಷ್ಟು ಜನಕ್ಕೆ ಕೆಲಸ ಕೊಡಿಸಿದ್ರಿ?" ಎಂದು ತಮಾಷೆಗೆ ಕೇಳಿದ್ದೇ ತಡ, ಅತ್ತೆ ಸೂಜಿ ಕೆಳಗಿಟ್ಟು ಪರದೆಯ ಹಿಂದೆ ಹೋಗಿ ಕುಳಿತುಬಿಟ್ಟರು. "ಈ ವಯಸ್ಸಲ್ಲಿ ಕಳ್ಳಿ ಅನ್ನಿಸ್ಕೊಂಡೆನಲ್ಲ" ಎಂಬ ಅವರ ಮಾತು ಟೈಲರಮ್ಮನ ಕಿವಿಗೆ ಬಿತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತರೂ ಕೈ ಓಡಲಿಲ್ಲ.

ಅಷ್ಟರಲ್ಲಿ ತನ್ನ ಕೋಟು ಒಯ್ಯಲು ಅವಳ ಗೆಳತಿ ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳನ್ನು ಎಲ್ಲರೂ ಬ್ಯಾಂಕಿನಕ್ಕ ಎನ್ನುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ ಅವಳು ವಿಚಾರಿಸಿದಳು:

"ಅಜ್ಜಿ ಚೀಟಿಯ ಜೆರಾಕ್ಸ್ ಯಾರಿಗಾದ್ರೂ ಕೊಟ್ಟಿದ್ಯಾ?"

"ಯಾರಿಗೂ ಇಲ್ಲಕ್ಕ. ಅರ್ಜಿಗೆ ಅಂತ ಮಾಡ್ಸಿದ್ರಲ್ಲಿ ಒಂದಿಷ್ಟು ಉಳೀತು. ಅದರಲ್ಲಿ ಜೇಬಿನ ಅಳತೆ ಕತ್ತರಿಸ್ಕೊಂಡೆ."

ಟೈಲರಮ್ಮನ ಮನೆಯಲ್ಲಿ ಕಾಗದ ವ್ಯರ್ಥವಾಗುತ್ತಿರಲಿಲ್ಲ. ಬ್ಯಾಂಕಿನ ಪತ್ರವಾಗಲಿ, ಆಸ್ಪತ್ರೆಯ ಚೀಟಿಯಾಗಲಿ, ಹಿಂಬದಿ ಖಾಲಿ ಇದ್ದರೆ ಸಾಕು, ಅದರ ಮೇಲೆ ಗೆರೆ ಎಳೆದು ಅಳತೆಯ ಕಾಗದ ಮಾಡಿಕೊಳ್ಳುತ್ತಿದ್ದಳು. ಹಾಳೆಯ ನಡುವೆ ಅಚ್ಚಾದ ಗುರುತಿನ ಚೀಟಿ ಅಂಗಿಯ ಜೇಬಿನ ಅಳತೆಯೊಳಗೆ ಇಡಿಯಾಗಿ ಕೂರುತ್ತಿತ್ತು.

"ಆ ಅಳತೆ ಎಲ್ಲಿ ಈಗ?"

"ಅಂಚು ಸವೆದಿತ್ತು, ಎಸೆದೆ. ಹಾಗೇ ಎಸೀಲಿಲ್ಲ ಮತ್ತೆ! ಎರಡು ತುಂಡು ಮಾಡೇ ಚಿಂದಿ ಚೀಲಕ್ಕೆ ಹಾಕಿದ್ದು. ನಾನೇನು ಅಷ್ಟೂ ದಡ್ಡಿನಾ?"

"ಹೇಗೆ ಮಾಡ್ದೆ, ತೋರ್ಸು."

ಟೈಲರಮ್ಮ ಅಂಥದೇ ಇನ್ನೊಂದು ಹಳೆಯ ಜೇಬಿನ ಅಳತೆಯ ಕಾಗದ ತೆಗೆದು, ನಡುವೆ ಮಡಚಿ, ಒಂದೇ ಏಟಿಗೆ ಕತ್ತರಿಸಿದಳು. ಬ್ಯಾಂಕಿನಕ್ಕ ಎರಡೂ ತುಂಡುಗಳನ್ನು ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿಟ್ಟಳು. ಅತ್ತೆಯ ಮುಖ, ಹೆಸರು, ನಂಬರು ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಕೂಡಿಕೊಂಡವು.

"ನೀನು ದಿನಾ ಎರಡು ತುಂಡು ಸೇರಿಸಿ ಒಂದು ಮಾಡೋಳು. ಕಳ್ಳನಿಗೆ ಸೂಜಿ ದಾರನೂ ಬೇಕಾಗಿಲ್ಲ ನೋಡು."

"ಕಸ ಕೆದಕಿ ಇದನ್ನ ಹುಡ್ಕೋರು ಯಾರಕ್ಕ? ಹಳೇ ಕಾಗದ."

"ಕಾಗದ ಹಳೇದು. ನಂಬರ್ ಹಳೇದಾಗುತ್ತಾ? ಅಜ್ಜಿ ಇರೋವರೆಗೂ ಅದೇ. ಇದೇ ದಾರೀಲಿ ಹೋಯ್ತು ಅಂತ ನಾನು ಆಣೆ ಮಾಡಲ್ಲ. ಆದ್ರೆ ಬಾಗಿಲು ತೆಗೆದಿಟ್ಟಿದ್ದು ನೀನೇ ಅಲ್ವಾ?"

ಟೈಲರಮ್ಮನ ಮುಖ ಸಪ್ಪಗಾಯಿತು. ಕಣ್ಣು ತುಂಬಿ ಬಂತು. ಪರದೆ ಸರಿಸಿ ಅತ್ತೆ ಹೊರಗೆ ಬಂದರು.

"ಅಳ್ತಾ ಕೂತ್ರೆ ಹೋದ ಕಾಗದ ಬರುತ್ತೇನೇ? ಆ ಚೀಲ ಒಯ್ದು ಬೀದಿ ತೊಟ್ಟೀಲಿ ಸುರಿದೋಳು ನಾನೇ ಅಲ್ವಾ? ಮುಂದೇನು ಮಾಡ್ಬೇಕು, ಅದನ್ನ ಹೇಳಮ್ಮ ಬ್ಯಾಂಕಿನವಳೇ."

ಮೂವರೂ ನೆಲದ ಮೇಲೆ ಕುಳಿತು ಅಳತೆಯ ಕಾಗದಗಳನ್ನೆಲ್ಲ ಹರಡಿದರು. "ಹೆಸರು, ನಂಬರ್, ಫೋಟೋ, ಸಹಿ, ಎಲ್ಲದರ ಮೇಲೂ ಕತ್ತರಿ ಆಡ್ಬೇಕಜ್ಜಿ. ಉದ್ದಕ್ಕೆ ಒಂದ್ಸಲ, ಅಡ್ಡಕ್ಕೆ ಒಂದ್ಸಲ. ನಿಮ್ಮ ಗುಂಡಿಗಿಂತ ಚಿಕ್ಕದಾಗ್ಬೇಕು. ಆಮೇಲೆ ಬಕೆಟ್ ನೀರಲ್ಲಿ ನೆನೆಹಾಕಿ ಕಿವುಚಿಬಿಡಿ. ಹಳೇ ಎಟಿಎಂ ಕಾರ್ಡಾದ್ರೆ ಚಿಪ್ ಮೇಲೆ, ಹಿಂದಿನ ಕಪ್ಪು ಪಟ್ಟಿ ಮೇಲೆ ಕತ್ತರಿಸಿ."

ಅತ್ತೆ ಕೈಚಾಚಿ ಕತ್ತರಿ ಎತ್ತಿಕೊಂಡರು.

"ಅತ್ತೇ, ಬಟ್ಟೆ ಕತ್ತರಿ ಮುಟ್ಟಬೇಡಿ! ಕಾರ್ಡಿಗೆ ಹಾಕಿದ್ರೆ ಮೊಂಡಾಗುತ್ತೆ!"

"ಕಳ್ಳಿ ಕೈಗೆ ಕತ್ತರಿ ಕೊಡೋಕೂ ಭಯ ನೋಡು ಇವಳಿಗೆ" ಎಂದರು ಅತ್ತೆ. ಬೆಳಗಿನಿಂದ ಬಿಗಿದುಕೊಂಡಿದ್ದ ಮನೆ ಒಮ್ಮೆಲೇ ನಕ್ಕಿತು.

ನಗು ನಿಂತ ಮೇಲೆ ಬ್ಯಾಂಕಿನಕ್ಕ ಗೆಳತಿಯ ಕಡೆ ತಿರುಗಿದಳು. "ಯಾರಿಗಾದ್ರೂ ಜೆರಾಕ್ಸ್ ಕೊಡುವಾಗ ಯಾವ ಕೆಲಸಕ್ಕೆ, ಯಾವ ದಿನ ಅಂತ ಅದರ ಮೇಲೇ ಬರೆದು ಸಹಿ ಹಾಕು. ಅಂಗಡೀಲಿ ಸರಿಯಾಗಿ ಬಾರದ ಪ್ರತಿನೂ ಬಿಟ್ಟು ಬರಬೇಡ. ಪಾರ್ಸೆಲ್ ಮೇಲಿನ ವಿಳಾಸದ ಚೀಟಿ ಕಿತ್ತುಹಾಕು."

"ಇಷ್ಟೆಲ್ಲ ಮಾಡ್ತಾ ಕೂತ್ರೆ ನಾನು ಹೊಲಿಯೋದ್ಯಾವಾಗ?"

"ನೀನು ಹೊಲಿ. ಚೂರು ಮಾಡೋ ಕೆಲಸ ನಂದು" ಎಂದು ಅತ್ತೆ ಹಳೆಯ ಕತ್ತರಿ ಹುಡುಕಲು ಎದ್ದರು.

ಮರುದಿನ ಮೂವರೂ ಸ್ಟೇಷನ್ನಿಗೆ ಹೋದರು. ಆ ನಂಬರು ತಮ್ಮದಲ್ಲ, ಅದನ್ನು ಮುಚ್ಚಿಸಿ ತನಿಖೆ ಮಾಡಬೇಕು ಎಂದು ಬರೆದುಕೊಟ್ಟು, ದೂರಿನ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಬೇಕೆಂದು ಬ್ಯಾಂಕಿನಕ್ಕ ಹೇಳಿಕೊಟ್ಟಿದ್ದಳು. ಅತ್ತೆಯ ಹೆಸರಲ್ಲಿ ಬೇರಾವ ಖಾತೆಯನ್ನಾದರೂ ತೆರೆದಿದ್ದಾರೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸುವುದೂ ಬಾಕಿ ಇತ್ತು.

"ದೂರು ಯಾರ ಹೆಸರಲ್ಲಿ?" ಎಂದು ಮೇಜಿನ ಹಿಂದಿದ್ದವರು ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು, ತಂದೆ ಇಟ್ಟ ತಮ್ಮ ಪೂರ್ತಿ ಹೆಸರನ್ನು ಬಿಡಿಬಿಡಿಯಾಗಿ ಹೇಳಿದರು. "ಬರ್ಕೊಳ್ಳಪ್ಪ. ಅದು ನನ್ನದು. ಯಾರಿಗೂ ಕೊಟ್ಟಿಲ್ಲ."

ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯ ಬೀರುವಿನ ಮೇಲೆ, ಹಾಸಿಗೆಯ ಕೆಳಗೆ, ಹಳೆಯ ಚೀಲದೊಳಗೆ ನಿಮ್ಮ ಹೆಸರು ಎಲ್ಲೆಲ್ಲಿ ಬಿದ್ದಿದೆಯೋ ಇಂದೇ ತೆಗೆದು ನೋಡಿ. ಬೇಕಾದ ಕಾಗದವನ್ನು ಭದ್ರವಾಗಿಡಿ. ಬೇಡವಾದದ್ದನ್ನು ಯಾರೂ ಓದಲಾಗದಂತೆ ಮಾಡಿ ಆಮೇಲೆ ಎಸೆಯಿರಿ. ಮೋಸದ ಸುಳಿವು ಸಿಕ್ಕರೆ ನಾಚಿಕೊಂಡು ಒಳಗೆ ಕೂರಬೇಡಿ. ಕೂಡಲೇ ಹೋಗಿ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ತಪ್ಪು ಕದ್ದವನದು. ಹೆಸರು ನಿಮ್ಮದು.