ಅನಕ್ಲೇತೊ ಉಗುಳಿದ ಮಾತ್ರೆ

ಬಾಳೆತೋಟದ ಗಂಡಸರಿಗೆ ಒಂದು ಹಟವಿದೆ. ಮೂವತ್ತು ಕಿಲೋ ಗೊನೆಯನ್ನು ಹೆಗಲ ಮೇಲೆ ಹೊರುವವನಿಗೆ ಕಾಯಿಲೆ ಹೇಗೆ ಬಂದೀತು ಎನ್ನುತ್ತಾರೆ. ಬ್ರೆಜಿಲ್ಲಿನ ನಮ್ಮ ರಿಬೇರ ಕಣಿವೆಯಲ್ಲಿ ನಾನು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ, ಹೆಸರು ದಲ್ವೀನ. ಇಪ್ಪತ್ತು ವರ್ಷದಿಂದ ಈ ಹಟದ ಜೊತೆ ಜಗಳವಾಡಿಕೊಂಡೇ ಬಂದಿದ್ದೇನೆ.

ಇವರೆಲ್ಲರಲ್ಲಿ ಮಹಾ ಮೊಂಡ ಅನಕ್ಲೇತೊ. ಅವನ ಮಗಳಿಗೆ ಹೆಸರಿಟ್ಟ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು ನಾನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚಿನ ನಂಟು ಇದು, ಹಾಗಾಗಿ ಬೈಯುವ ಹಕ್ಕೂ ಇದೆ.

ಮೊನ್ನೆ ಮಾರ್ಚಿನಲ್ಲಿ ಅವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದೆ. ನೂರ ತೊಂಬತ್ತಕ್ಕೆ ನೂರ ಹತ್ತು.

"ಒತ್ತಡದ ಮಾತ್ರೆ, ಕ್ಯಾಪ್ಟೊಪ್ರಿಲ್, ತಗೋತಿದ್ದೀರಾ?" ಎಂದು ಕೇಳಿದೆ.

"ತಗೋತೀನಲ್ಲ. ತಲೆ ಸಿಡಿದಾಗ ಒಂದನ್ನ ನಾಲಿಗೆ ಕೆಳಗೆ ಇಟ್ಕೋತೀನಿ."

"ತಲೆ ಸಿಡೀದೇ ಇದ್ದಾಗ?"

"ಆಗ ಅದ್ಯಾಕೆ ಕೊಮಾದ್ರೆ? ಹಸಿವಾಗದೇ ಯಾರಾದ್ರೂ ಉಣ್ತಾರಾ?"

ನಮ್ಮೂರಿನ ಅರ್ಧ ಜನ ಮಾಡುವ ತಪ್ಪು ಇದೇ. ಒಳಕೋಣೆಯಲ್ಲಿ ಅವನ ಅಣ್ಣ ನೆಸ್ತೋರ್ ಮಲಗಿದ್ದ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ ಎರಡು ವರ್ಷವಾಗಿತ್ತು, ಮಾತೂ ತಡವರಿಸುತ್ತಿತ್ತು. ಅನಕ್ಲೇತೊನ ಹೆಂಡತಿ ಜುಲ್ಮೀರಳೇ ಅವನನ್ನು ಎತ್ತಿ ಕೂರಿಸಿ ಉಣಿಸಬೇಕು. ಗಂಡನೂ ಹಾಗೆ ಮಲಗಿಬಿಟ್ಟರೆ ಅವಳ ಗತಿಯೇನು?

ಹೇಗಾದರೂ ಒಪ್ಪಿಸಬೇಕೆಂದು ಮಾತ್ರೆಯನ್ನು ಹೊಗಳಲು ಹೊರಟೆ. "ಇದನ್ನ ಏನಂದ್ಕೊಂಡಿದ್ದೀರಿ? ನಮ್ಮ ಜರರಾಕ ಹಾವಿನ ವಿಷದಿಂದ ಹುಟ್ಟಿದ ಮದ್ದು ಇದು" ಎಂದೆ.

ಹಾಳು ಬಾಯಿ ನನ್ನದು. ಒಂಬತ್ತು ವರ್ಷದ ಹಿಂದೆ ಗೊನೆ ಕಡಿಯುವಾಗ ಅನಕ್ಲೇತೊಗೆ ಅದೇ ಹಾವು ಕಚ್ಚಿ, ಅವನು ಸಾವಿನ ಬಾಗಿಲು ತಟ್ಟಿ ಬಂದಿದ್ದ. ನನ್ನ ಒತ್ತಾಯಕ್ಕೆ ಆಗಷ್ಟೇ ಬಾಯಿಗೆ ಹಾಕಿಕೊಂಡಿದ್ದ ಮಾತ್ರೆಯನ್ನು ಅಂಗಳಕ್ಕೆ ಥೂ ಎಂದು ಉಗುಳಿದ. ಇನ್ನೊಂದನ್ನು ಮೂಗಿನ ಹತ್ತಿರ ಹಿಡಿದ.

"ಅದಕ್ಕೇ ಕೊಳೆತ ಮೊಟ್ಟೆ ವಾಸನೆ. ಹಾವಿನ ವಿಷ ಕುಡಿಸ್ತಿದ್ದೀರಾ ನಂಗೆ?"

"ಪೂರ್ತಿ ಕೇಳಿಸ್ಕೊಳ್ಳಿ ಮಾರಾಯ್ರೆ. ಹಾವು ಕಚ್ಚಿದಾಗ ನಿಮಗೇನಾಯ್ತು?"

"ಕಣ್ಣಿಗೆ ಕತ್ತಲೆ ಬಂತು. ಬಿದ್ದೆ."

"ಆ ವಿಷದಲ್ಲಿ ರಕ್ತದೊತ್ತಡ ಇಳಿಸೋ ಒಂದು ಅಂಶ ಇದೆ. ನಮ್ಮ ದೇಶದ ವಿಜ್ಞಾನಿಗಳು ಅದನ್ನ ಕಂಡುಹಿಡಿದ್ರು. ಆಮೇಲೆ ರಸಾಯನಶಾಸ್ತ್ರದೋರು ಅದು ಕೆಲಸ ಮಾಡೋ ರೀತಿ ನೋಡಿ ಕಲಿತು, ಬೇರೇನೇ ಒಂದು ಪುಟ್ಟ ವಸ್ತು ಕಟ್ಟಿದ್ರು. ಇದರಲ್ಲಿ ಒಂದು ಹನಿ ವಿಷಾನೂ ಇಲ್ಲ."

"ಮತ್ತೆ ಈ ವಾಸನೆ?"

"ಅದು ಗಂಧಕದ್ದು. ಅದೇ ಗಂಧಕ ನಿಮ್ಮನ್ನ ಕಾಯೋದು. ನಮ್ಮ ಮೈಯಲ್ಲಿ ರಕ್ತನಾಳಾನ ಬಿಗಿಯೋ ಒಂದು ವಸ್ತು ತಯಾರಾಗುತ್ತೆ. ಅದನ್ನ ತಯಾರು ಮಾಡೋ ಕಿಣ್ವದ ನಡುವೆ ಒಂದು ಸತುವಿನ ಕಣ ಇದೆ. ಮಾತ್ರೇಲಿರೋ ಗಂಧಕ ಹೋಗಿ ಆ ಸತುವನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಕಿಣ್ವದ ಕೆಲಸ ನಿಲ್ಲುತ್ತೆ, ನಾಳ ಸಡಿಲ ಆಗುತ್ತೆ."

ಜುಲ್ಮೀರ ಒಲೆಯ ಹತ್ತಿರದಿಂದಲೇ ಕೇಳಿದಳು. "ಗೊನೆ ತೊಳೆಯೋ ಪೈಪಿನ ಬಾಯಿ ಹಿಸುಕಿ ಹಿಡಿದಿದ್ದ ಬೆರಳನ್ನ ಬಿಟ್ಟ ಹಾಗೆ?"

"ಹಾಗೇ ಕಣೇ. ಆದ್ರೆ ಗಂಧಕದ ಹಿಡಿತ ಕೆಲವು ಗಂಟೆ ಮಾತ್ರ. ಅದಕ್ಕೇ ದಿನಾ, ಡಾಕ್ಟರು ಹೇಳಿದಷ್ಟು ಸಲ ನುಂಗ್ಬೇಕು. ಊಟಕ್ಕೆ ಒಂದು ಗಂಟೆ ಮುಂಚೆ. ಹೊಟ್ಟೆ ತುಂಬಿದ್ರೆ ಮೈಗೆ ಸರಿಯಾಗಿ ಹತ್ತಲ್ಲ."

ಹೇಳುತ್ತಾ ಹೇಳುತ್ತಾ ನನಗೇ ಹೆಮ್ಮೆ ಉಕ್ಕಿತು. ನಮ್ಮ ತೋಟದ ಜನರನ್ನು ಕೊಲ್ಲುತ್ತಿದ್ದ ಹಾವಿನಿಂದ ಪಾಠ ಕಲಿತು ಲೋಕಕ್ಕೆಲ್ಲ ಔಷಧಿ ಕೊಟ್ಟರಲ್ಲ, ಅವರಿಗೆ ಕೈ ಮುಗಿಯಬೇಕು. ಉಗುರಿನಷ್ಟಿಲ್ಲದ ಮಾತ್ರೆಯೊಳಗೆ ಅಷ್ಟು ಜನರ ಬುದ್ಧಿ, ಅಷ್ಟು ವರ್ಷಗಳ ದುಡಿಮೆ ಕೂತಿದೆ.

ಅನಕ್ಲೇತೊ ತಲೆ ಕೆರೆದುಕೊಂಡ. "ಎಲ್ಲಾ ಸರಿ ಕೊಮಾದ್ರೆ. ಆದ್ರೆ ನಂಗೇನೂ ಆಗಿಲ್ಲವಲ್ಲ."

ಆಗ ಒಳಕೋಣೆಯಿಂದ ದನಿ ಬಂತು. ನೆಸ್ತೋರ್ ಒಂದೊಂದೇ ಮಾತನ್ನು ಎಳೆದೆಳೆದು ಹೇಳುತ್ತಿದ್ದ.

"ನಂಗೂ... ಏನೂ ಆಗಿರ್ಲಿಲ್ಲ. ತಲೆನೋವೂ... ಇರ್ಲಿಲ್ಲ. ಬೆಳಿಗ್ಗೆ... ಗೊನೆ ಹೊತ್ತಿದ್ದೆ."

ಜುಲ್ಮೀರ ಒಲೆ ಬಿಟ್ಟು ಒಳಕೋಣೆಯ ಬಾಗಿಲಿಗೆ ಬಂದಳು.

"ಬಿದ್ದಾಗ... ಮಾತ್ರೆ... ಜೇಬಲ್ಲೇ ಇತ್ತು."

ಈ ಮಾತನ್ನು ಅವನು ಎರಡು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಜುಲ್ಮೀರ ತನ್ನ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಅನಕ್ಲೇತೊ ಎದ್ದು ಹೋಗಿ ಅಣ್ಣನ ಮಂಚದ ಅಂಚಿನಲ್ಲಿ ಕೂತ. "ಜುಲ್ಮೀರ, ಒಂದು ಲೋಟ ನೀರು ಕೊಡು" ಎಂದ. ಅಣ್ಣ ನೋಡುತ್ತಿದ್ದಂತೆಯೇ ಮಾತ್ರೆ ನುಂಗಿದ.

ಆರು ವಾರದ ಮೇಲೆ ಅವನ ಒತ್ತಡ ನೂರ ಮೂವತ್ತಕ್ಕೆ ಎಂಬತ್ತು. ಮಾತ್ರೆ ನುಂಗುವ ಹೊತ್ತಾದರೆ ಈಗಲೂ ನೆಸ್ತೋರೇ ಕೂಗುತ್ತಾನೆ. ಬಿದ್ದುಹೋದ ತನ್ನ ಕೈಯಿಂದ ತಮ್ಮನಿಗೆ ಮಾಡಲಾಗದ್ದನ್ನು ಬಾಯಿಂದ ಮಾಡುತ್ತಾನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ರಕ್ತದೊತ್ತಡ ಮುನ್ಸೂಚನೆ ಕೊಟ್ಟು ಏರುವುದಿಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳು ಚಾಚಿ. ಡಾಕ್ಟರು ನಿಮಗೆಂದು ಬರೆದ ಮಾತ್ರೆಯನ್ನು ಅವರು ಹೇಳಿದಂತೆ ದಿನವೂ ನುಂಗಿ, ಪಕ್ಕದ ಮನೆಯವರದ್ದನ್ನು ಕೇಳಿ ತರಬೇಡಿ. ಬಸುರಿಯಾಗಿದ್ದರೆ, ಆಗುವ ಯೋಚನೆಯಿದ್ದರೆ ಮೊದಲೇ ಹೇಳಿ; ಕ್ಯಾಪ್ಟೊಪ್ರಿಲ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡುತ್ತದೆ. ಒಣಕೆಮ್ಮು ಬಂದರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ, ಬೇರೆ ಮಾತ್ರೆ ಕೊಡುತ್ತಾರೆ. ತುಟಿ, ಮುಖ ಊದಿಕೊಂಡರೆ ಮಾತ್ರ ಮತ್ತೊಂದು ಮಾತ್ರೆ ನುಂಗದೆ ಆಸ್ಪತ್ರೆಗೆ ಓಡಿ. ನಿಮ್ಮನ್ನು ಎತ್ತಿ ಕೂರಿಸಬೇಕಾದವರ ಮುಖ ಒಮ್ಮೆ ನೆನೆದುಕೊಳ್ಳಿ, ಇವತ್ತಿನ ಮಾತ್ರೆಯನ್ನು ಇವತ್ತೇ ನುಂಗಿ.