ಕಣದ ಕಲ್ಲಿಗೆ ಬಂದ ಕೆಟ್ಟ ಹೆಸರು

ನಾನು ಒಂದು ರೋಣಗಲ್ಲು. ಕಣದಲ್ಲಿ ಹರಡಿದ ರಾಗಿ ತೆನೆಯ ಮೇಲೆ ಎತ್ತುಗಳ ಹಿಂದೆ ಉರುಳಿ ಕಾಳು ಬಿಡಿಸುವುದು ನನ್ನ ಕಸುಬು. ಶಿರಾ ಕಡೆಯ ಬಂಡೆಯಿಂದ ಸೀಳಿ, ಮೈಯೆಲ್ಲ ಉಳಿಯೇಟು ಕೊಟ್ಟು ನನ್ನನ್ನು ದುಂಡಗೆ ಮಾಡಿದವನು ಕಲ್ಲುಕುಟಿಗ ಮುನಿಭೋವಿ. ಅಷ್ಟು ಪೆಟ್ಟು ತಿಂದ ನನಗೆ ಕಷ್ಟ ಅಂದರೇನೆಂದು ಯಾರೂ ಪಾಠ ಹೇಳಬೇಕಿಲ್ಲ.

ಅವನಿಂದ ನನ್ನನ್ನು ಕೊಂಡು ತಂದವರು ಹೊನ್ನಮ್ಮನ ಮಾವ. ಅವರ ಕಾಲ ಮುಗಿದ ಮೇಲೆ ಕಣದ ಯಜಮಾನಿಕೆ ಹೊನ್ನಮ್ಮನದಾಯಿತು. ಅವಳ ಶಿಸ್ತು ಕೇಳಬೇಡಿ! ಕಣದೊಳಗೆ ಚಪ್ಪಲಿ ಇಲ್ಲ, ಅಪಶಕುನದ ಮಾತಿಲ್ಲ. 'ಮುಗಿಯಿತು' ಅನ್ನುವಂತಿಲ್ಲ, 'ಹೆಚ್ಚಿತು' ಅನ್ನಬೇಕು. ಕೆಟ್ಟ ಮಾತಾಡಿದರೆ ರಾಶಿ ಕುಗ್ಗುತ್ತದಂತೆ.

ಅಂಥ ಕಣಕ್ಕೆ ಸೊಸೆ ಸುಕನ್ಯಾ ಪುಸ್ತಕ ಹಿಡಿದು ಬಂದಳು. ಇಂಗ್ಲಿಷ್ ಟೀಚರ್ ಆಗಬೇಕೆಂದು ಅವಳಿಗೆ ಬಹಳ ಆಸೆ, ಪರೀಕ್ಷೆಯೂ ಹತ್ತಿರವಿತ್ತು. ನಾನು ಉರುಳುವುದನ್ನು ನೋಡಿ ಹಿಗ್ಗಿಬಿಟ್ಟಳು.

"ಅತ್ತೆ, ಇಲ್ನೋಡಿ! ಇಂಗ್ಲಿಷ್‌ನಲ್ಲಿ ಕಷ್ಟಕ್ಕೆ ಟ್ರಿಬ್ಯುಲೇಷನ್ ಅಂತಾರೆ. ಹಿಂದೆ ರೋಮ್‌ನವ್ರು ತೆನೆ ಮೇಲೆ ಎಳೀತಿದ್ದ ಹಲಗೆ ಹೆಸ್ರಿಂದ ಬಂದಿದ್ದಂತೆ. ತೆನೆ ಅರೆಯೋ ಹಂಗೆ ಮನುಷ್ಯನ್ನ ಅರೆಯೋದೇ ಕಷ್ಟ ಅಂತ. ನಮ್ಮ ಕಲ್ಲಿನ ನೆಂಟನೇ ಅದು!"

ಹೊನ್ನಮ್ಮ ಮೊರ ಬಿಸಾಕಿದಳು. "ಕಣದಾಗೆ ನಿಂತ್ಕಂಡು ಕಷ್ಟದ ಹೆಸ್ರು ಎತ್ತೀಯೇನೆ? ನಿನ್ ಬಾಯಿಗೆ ಮಣ್ಣಾಕ!"

ಪುಸ್ತಕ ಅಟ್ಟ ಸೇರಿತು. ಇನ್ನು ಪರೀಕ್ಷೆ ಗಿರೀಕ್ಷೆ ಅನ್ನಕೂಡದೆಂದು ಅಪ್ಪಣೆಯಾಯಿತು. ಸುಕನ್ಯಾ ಸೆರಗು ಬಾಯಿಗಿಟ್ಟು ಅತ್ತಳು. ನಾನು ತಿಪ್ಪೆಯ ಪಾಲಾದೆ. ಅಲ್ಲ ಸ್ವಾಮಿ, ರೋಮಿನ ಯಾವನೋ ಕಟ್ಟಿದ ಹೆಸರಿಗೆ ನನಗ್ಯಾಕೆ ಶಿಕ್ಷೆ? ಸಿಪ್ಪೆ ಬಿಡಿಸಿ ಕಾಳನ್ನು ಹೊರಗೆ ತಂದವನು ನಾನು!

ಉಳಿದ ತೆನೆಯನ್ನು ಹೊನ್ನಮ್ಮ ಊರಿನವರಂತೆ ಟಾರು ರಸ್ತೆಗೆ ಹರಡಿಸಿದಳು. ಬಸ್ಸು ಲಾರಿಗಳೇ ತುಳಿದುಕೊಟ್ಟವು. ಎಷ್ಟು ಕೇರಿದರೂ ಆ ರಾಗಿಯ ರೊಟ್ಟಿ ಬಾಯಿಗಿಟ್ಟರೆ ಕರಕರ. ಹೊನ್ನಮ್ಮ ದವಡೆ ಹಿಡಿದುಕೊಂಡು ಉಗಿದಳು.

"ಥೂ! ನಿನ್ ಬಾಯಿಗೆ ಅಂದ ಮಣ್ಣು ನನ್ ಬಾಯಿಗೇ ಬಂತಲ್ಲೇ ಸುಕನ್ಯಾ! ಕಣದಾಗೆ ಕೆಟ್ಟ ಮಾತಾಡಿದ್ದು ನೀನಲ್ಲ ಕಣೆ, ನಾನೇಯ."

ಅಂದೇ ಪುಸ್ತಕ ಅಟ್ಟದಿಂದ ಇಳಿಯಿತು. ನನ್ನನ್ನೂ ತೊಳೆದು, ಕುಂಕುಮ ಇಟ್ಟು ಕಣಕ್ಕೆ ಉರುಳಿಸಿದರು. "ಓದ್ಕ. ಆದ್ರೆ ಕಣದಿಂದಾಚೆ ಕೂತ್ಕಂಡು ಓದು," ಎಂದಳು ಹೊನ್ನಮ್ಮ.

ಈಗ ರಾಗಿಗೆ ಮಿಷನ್ ಬಂದಿದೆ. ನಾನು ಮನೆ ಮುಂದಿನ ಹೊಂಗೆ ಮರದಡಿ ಬಿದ್ದಿದ್ದೇನೆ. ಸುಕನ್ಯಾ ಟೀಚರ್ ಆಗಿದ್ದಾಳೆ. ಸಂಜೆ ಅವಳ ಬಸ್ಸು ತಡವಾದರೆ ಹೊನ್ನಮ್ಮನ ಜೀವ ನಿಲ್ಲುವುದಿಲ್ಲ. ಮಂಡಿ ಒತ್ತಿಕೊಳ್ಳುತ್ತ ದಾರಿ ನೋಡುತ್ತಾಳೆ, ಗೊಣಗುತ್ತಾಳೆ: "ಏನ್ ಟಿಬಲೇಸನ್ನಪ್ಪಾ ಈ ಬಸ್ಸಿಂದು!"

ಅದನ್ನೂ ನನ್ನ ಮೇಲೆಯೇ ಕೂತು ಅನ್ನಬೇಕೆ!